ಕಾಳಿ ನದಿಗೆ ಹೊರಟಿದ್ದೀರಾ? ಮೊದಲು ಅಣೆಕಟ್ಟಿನ ಲೆಕ್ಕ ತಿಳಿದುಕೊಳ್ಳಿ

"ದಾಂಡೇಲಿಗೆ ಯಾವಾಗ ಹೋದರೆ ಕಾಳಿಯಲ್ಲಿ ನೀರು ಇರುತ್ತೆ?" ಮಳೆ ಹಿಂದೆ ಸರಿಯುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. ಅದರ ಬೆನ್ನಿಗೇ ಇನ್ನೆರಡು: ರಾಫ್ಟಿಂಗ್ (ರಬ್ಬರ್ ದೋಣಿಯಲ್ಲಿ ನುಗ್ಗು ನೀರು ಇಳಿಯುವ ಆಟ) ಸರಿಯಾಗಿ ಎಲ್ಲಿ ನಡೆಯುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ? ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇರೆ ನದಿಗಳಲ್ಲಿ ಮಳೆ ನೋಡಿ ನೀರಿನ ಅಂದಾಜು ಮಾಡಬಹುದು. ಕಾಳಿಯಲ್ಲಿ ಆ ಲೆಕ್ಕ ಹಿಡಿಯುವುದಿಲ್ಲ. ನೀವು ಆಟ ಆಡುವ ನೀರು ಸೂಪಾ ಅಣೆಕಟ್ಟಿನ ಪವರ್ ಹೌಸ್‌ನಿಂದ ಬರುವಂಥದ್ದು. ಅಲ್ಲಿ ಯಂತ್ರ ತಿರುಗಿದರೆ ನದಿ, ನಿಂತರೆ ಬರೀ ಬಂಡೆ. ಇದೊಂದು ತಲೆಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭ.

1. ಯಾವ ಕಾಳಿ, ಯಾವ ಊರು ಎಂದು ಖಚಿತ ಮಾಡಿಕೊಳ್ಳಿ

ನಗುವ ವಿಷಯವಲ್ಲ ಇದು. ಬರೀ "ಕಾಳಿ ನದಿ" ಎಂದು ಹುಡುಕಿದರೆ ದೇಶದ ಮೂರ್ನಾಲ್ಕು ನದಿಗಳು ಎದುರಾಗುತ್ತವೆ. ಉತ್ತರಾಖಂಡ ಮತ್ತು ನೇಪಾಳದ ಗಡಿಯಲ್ಲಿ ಹರಿಯುವ ಕಾಳಿ ಒಂದು. ಅದನ್ನು ಮಹಾಕಾಳಿ ಎಂದೂ, ಕೆಳಗೆ ಶಾರದಾ ಎಂದೂ ಕರೆಯುತ್ತಾರೆ. ಉತ್ತರ ಪ್ರದೇಶದಲ್ಲಿ ಕಾಲಿ ನದಿಗಳಿವೆ. ಚಂಬಲ್ ಸೇರುವ ಕಾಲಿ ಸಿಂಧ್ ಬೇರೆಯೇ. ರಾಫ್ಟಿಂಗ್ ವಿಡಿಯೊ ನೋಡಿ "ಇಷ್ಟು ದೊಡ್ಡ ಅಲೆನಾ!" ಎಂದು ಹೆದರಿಕೊಂಡವರು ಎಷ್ಟೋ ಸಲ ನೋಡಿದ್ದು ಹಿಮಾಲಯದ ಕಾಳಿಯನ್ನು. ನಮ್ಮದು ಉತ್ತರ ಕನ್ನಡ ಜಿಲ್ಲೆಯ ಕಾಳಿ. ಹುಡುಕುವಾಗ ಜೊತೆಗೆ ಗಣೇಶಗುಡಿ ಅಥವಾ ಕಾರವಾರ ಎಂದು ಸೇರಿಸಿಕೊಳ್ಳಿ.

ಊರಿನ ಹೆಸರುಗಳಲ್ಲೂ ಗೊಂದಲ ಇದೆ. ಹಳೆಯ ನಕ್ಷೆ ಮತ್ತು ಕಾಗದಪತ್ರಗಳಲ್ಲಿ ಸೂಪಾ ತಾಲ್ಲೂಕು ಎಂದಿರುತ್ತದೆ. ಇವತ್ತು ಅದೇ ಜೋಯಿಡಾ ತಾಲ್ಲೂಕು. ಸೂಪಾ ಎಂಬ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು, ಹೆಸರು ಮಾತ್ರ ಅಣೆಕಟ್ಟಿಗೆ ಉಳಿಯಿತು. ಕಾಡಿನ ಹೆಸರೂ ಬದಲಾಗಿದೆ. ಅಣಶಿ-ದಾಂಡೇಲಿ ಹುಲಿ ಸಂರಕ್ಷಿತ ಪ್ರದೇಶ ಎಂದಿದ್ದದ್ದು 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಎರಡೂ ಒಂದೇ ಕಾಡು, ಎರಡು ಸಫಾರಿ ಬುಕ್ ಮಾಡಬೇಡಿ.

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು "ದಾಂಡೇಲಿ" ಎಂಬ ಪದದಲ್ಲೇ. ರೆಸಾರ್ಟ್‌ಗಳ ಜಾಹೀರಾತಿನಲ್ಲಿ ಸುತ್ತಲಿನ ಎಲ್ಲ ಜಾಗವೂ ದಾಂಡೇಲಿಯೇ. ಆದರೆ ರಾಫ್ಟಿಂಗ್ ಶುರುವಾಗುವ ಗಣೇಶಗುಡಿ, ದಾಂಡೇಲಿ ಪಟ್ಟಣದಿಂದ ಸುಮಾರು 25 ಕಿಲೋಮೀಟರ್ ದೂರ, ಜೋಯಿಡಾ ಕಡೆಗಿದೆ. ಪಟ್ಟಣದಲ್ಲಿ ರೂಮ್ ಹಿಡಿದು ಬೆಳಗಿನ ರಾಫ್ಟಿಂಗ್‌ಗೆ ಗಡಿಬಿಡಿಯಲ್ಲಿ ಓಡುವವರು ಇವರೇ. ರೂಮ್ ಬುಕ್ ಮಾಡುವ ಮುಂಚೆ "ನಿಮ್ಮ ಜಾಗದಿಂದ ಗಣೇಶಗುಡಿ ಎಷ್ಟು ದೂರ?" ಎಂದು ಕೇಳಿ.

2. ನದಿಯನ್ನು ತುಂಡು ತುಂಡಾಗಿ ಅರ್ಥ ಮಾಡಿಕೊಳ್ಳಿ

ಕಾಳಿಯ ಉದ್ದ 184 ಕಿಲೋಮೀಟರ್. ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಹಳ್ಳಿಯ ಸುತ್ತಲಿನ ಘಟ್ಟದಲ್ಲಿ, ಗೋವಾ ಗಡಿಯ ಮಗ್ಗುಲಲ್ಲಿ. ಸಮುದ್ರ ಸೇರುವುದು ಕಾರವಾರದಲ್ಲಿ. ನಡುವೆ ಅದು ಒಂದೇ ನದಿಯಂತೆ ಹರಿಯುವುದಿಲ್ಲ. ಒಂದರ ಕೆಳಗೊಂದು ಅಣೆಕಟ್ಟು, ಒಂದೊಂದು ಭಾಗಕ್ಕೂ ಬೇರೆ ಸ್ವಭಾವ.

ಮೇಲಿನ ಭಾಗ ಡಿಗ್ಗಿಯಿಂದ ಸೂಪಾ ಹಿನ್ನೀರಿನವರೆಗೆ. ಇದು ಕಾಡು ಮತ್ತು ಚದುರಿದ ಹಳ್ಳಿಗಳ ನಾಡು, ಕುಣಬಿ ಸಮುದಾಯದವರ ನಾಡು. ಇಲ್ಲಿ ಪ್ರವಾಸಿಗರಿಗೆಂದು ನೀರಾಟ ಯಾವುದೂ ಇಲ್ಲ, ಇರಬೇಕಾಗಿಯೂ ಇಲ್ಲ. "ಮೂಲ ನೋಡಬೇಕು" ಎನ್ನುವವರು ಅರಣ್ಯ ಇಲಾಖೆಯ ಅನುಮತಿ ಮತ್ತು ಊರಿನವರ ಜೊತೆ ಇಲ್ಲದೆ ಹೊರಡಬಾರದು.

ಆಮೇಲೆ ಸೂಪಾ ಅಣೆಕಟ್ಟು. ಎತ್ತರ 101 ಮೀಟರ್. ಜಲಾಶಯ ಹಿಡಿಯುವುದು ಸುಮಾರು 145 ಟಿಎಂಸಿ ನೀರು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕೆಆರ್‌ಎಸ್‌ನ ಹತ್ತಿರ ಹತ್ತಿರ ಮೂರು ಪಟ್ಟು ಇದು. ಪಾಂಢರಿ ಎಂಬ ಉಪನದಿಯ ನೀರೂ ಇದೇ ಜಲಾಶಯಕ್ಕೆ ಬರುತ್ತದೆ. ಇಷ್ಟಾದರೂ ಇದು ಪೂರ್ತಿ ತುಂಬುವುದೇ ಅಪರೂಪ. ಅಣೆಕಟ್ಟಿನ ಮೇಲೆ ಸುಮ್ನೆ ಹೋಗಿ ನಿಲ್ಲಲು ಬಿಡುವುದಿಲ್ಲ, ಅನುಮತಿ ಬೇಕು.

ಮೂರನೆಯದು ಗಣೇಶಗುಡಿಯಿಂದ ದಾಂಡೇಲಿಯ ಕಡೆಗೆ ಹರಿಯುವ ಭಾಗ. ನೀವೆಲ್ಲ ಬರುವುದು ಇಲ್ಲಿಗೆ. ಕಾಡು, ದ್ವೀಪದಂಥ ಕುದುರುಗಳು, ಬಂಡೆ, ನುಗ್ಗು ನೀರು, ನಡುನಡುವೆ ನಿಂತಂತೆ ಕಾಣುವ ಮಡುಗಳು. ಈ ದಡದ ಮರಗಳಲ್ಲಿ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆ, ಅದೂ ನಾಲ್ಕು ಬಗೆಯವು. ಅವಕ್ಕಾಗಿಯೇ ನದಿಯ ಉದ್ದಕ್ಕೂ 2011ರಲ್ಲಿ ಒಂದು ಸಂರಕ್ಷಣಾ ಮೀಸಲು ಘೋಷಿಸಿದ್ದಾರೆ. ರಾಫ್ಟಿಂಗ್ ಇಷ್ಟವಿಲ್ಲದವರು ಗಣೇಶಗುಡಿಯಲ್ಲಿ ಬೈನಾಕ್ಯುಲರ್ ಹಿಡಿದು ಕೂತರೂ ದಿನ ಸಾರ್ಥಕ. ಅಲ್ಲಿನ ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ತಂಗುದಾಣ ಹಿಂದೆ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಗೋದಾಮು. ಈಗ ಅದರ ಅಂಗಳದ ನೀರಿನ ತಟ್ಟೆಗಳಿಗೆ ಹಕ್ಕಿಗಳು ಮೀಯಲು ಬರುತ್ತವೆ.

ದಾಂಡೇಲಿ ದಾಟಿದ ಮೇಲೆ ಬೊಮ್ಮನಹಳ್ಳಿ ಅಣೆಕಟ್ಟು. ಅಲ್ಲಿಂದ ನೀರನ್ನು ಸುರಂಗದಲ್ಲಿ ಇಳಿಸಿ ನಾಗಝರಿ ಪವರ್ ಹೌಸ್‌ಗೆ ಒಯ್ಯುತ್ತಾರೆ. ಹಾಗಾಗಿ ನಡುವಿನ ಕಣಿವೆಯಲ್ಲಿ ಮಳೆಗಾಲ ಬಿಟ್ಟರೆ ನೀರು ತೀರಾ ಕಡಿಮೆ. ನಾಗಝರಿ ವ್ಯೂ ಪಾಯಿಂಟ್‌ಗೆ ಹೋಗಿ "ನದಿ ಎಲ್ಲಿ?" ಎಂದು ಬೇಸರ ಮಾಡಿಕೊಳ್ಳಬೇಡಿ, ಅದು ಬೆಟ್ಟದ ಹೊಟ್ಟೆಯೊಳಗಿದೆ. ಇನ್ನೂ ಕೆಳಗೆ ಕೊಡಸಳ್ಳಿ, ಕದ್ರಾ ಜಲಾಶಯಗಳು, ಕದ್ರಾ ಹಿನ್ನೀರಿನ ದಡದಲ್ಲಿ ಕೈಗಾ ಅಣುಸ್ಥಾವರ. ಇದು ಬಿಗಿ ಭದ್ರತೆಯ ಜಾಗ. ಡ್ರೋನ್ ಹಾರಿಸುವ ಯೋಚನೆ ಬಿಡಿ.

ಕಡೆಯದು ಕದ್ರಾದಿಂದ ಕಾರವಾರದ ಅಳಿವೆವರೆಗೆ. ಅಳಿವೆ ಎಂದರೆ ನದಿ ಸಮುದ್ರಕ್ಕೆ ಬೀಳುವ ಬಾಯಿ. ಇದರ ಮಾತು ಕೊನೆಯ ಹಂತದಲ್ಲಿ.

3. ದಿನ ಗೊತ್ತು ಮಾಡುವ ಮುಂಚೆ ನೀರು ಕೇಳಿ

ರಾಫ್ಟಿಂಗ್ ಕಾಲ ಸಾಮಾನ್ಯವಾಗಿ ಅಕ್ಟೋಬರ್ ಕೊನೆಯಿಂದ ಮೇ ತನಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ್. ಮಳೆಗಾಲದಲ್ಲಿ ನೀರು ಜಾಸ್ತಿ ಅಲ್ವಾ, ಆಗಲೇ ಮಜಾ ಅಲ್ವಾ ಎಂದು ಕೇಳುತ್ತಾರೆ. ಹಳ್ಳಗಳೆಲ್ಲ ಸೊಕ್ಕಿ ಬರುವ ಹೊತ್ತು ಅದು, ಮರದ ದಿಮ್ಮಿಗಳೂ ತೇಲಿ ಬರುತ್ತವೆ. ಯಾರಾದರೂ "ಆಗಲೂ ಮಾಡಿಸ್ತೀವಿ, ಬನ್ನಿ" ಎಂದರೆ ಅವರ ಹತ್ತಿರ ಹೋಗಲೇಬೇಡಿ.

ಬೇಸಿಗೆಯಲ್ಲೂ ಇಲ್ಲಿ ನೀರಿರುತ್ತದೆ. ಕಾರಣ ಮೊದಲೇ ಹೇಳಿದೆ, ಪವರ್ ಹೌಸ್. ವಿದ್ಯುತ್ ಬೇಡಿಕೆ ಏರಿದಾಗ ಸೂಪಾದಲ್ಲಿ ಯಂತ್ರ ತಿರುಗಿಸುತ್ತಾರೆ, ಆ ನೀರು ಕೆಳಗೆ ನದಿಯಾಗಿ ಬರುತ್ತದೆ. ಬೇಡಿಕೆ ಇಳಿದಾಗ ನಿಲ್ಲಿಸುತ್ತಾರೆ. ಅವರ ಲೆಕ್ಕದಲ್ಲಿ ನಿಮ್ಮ ರಜೆ ಇಲ್ಲ. ಅದಕ್ಕೇ ಒಂದೇ ದಿನದ ಬೆಳಿಗ್ಗೆ ಮತ್ತು ಮಧ್ಯಾಹ್ನ ನದಿ ಬೇರೆ ಬೇರೆ ಥರ ಇರಬಹುದು.

ಹಾಗಾದರೆ ಏನು ಮಾಡಬೇಕು? ಹೊರಡುವ ಹಿಂದಿನ ದಿನ ರಾಫ್ಟಿಂಗ್ ನಡೆಸುವವರಿಗೇ ಫೋನ್ ಮಾಡಿ. ರೆಸಾರ್ಟ್‌ನ ಬುಕಿಂಗ್ ಕೌಂಟರ್‌ಗೆ ಕೇಳಿದರೆ ಪ್ರಯೋಜನ ಕಡಿಮೆ, ಅವರು "ಇದೆ ಸರ್, ಬನ್ನಿ" ಎಂದೇ ಹೇಳುತ್ತಾರೆ. ಮೂರು ಪ್ರಶ್ನೆ ಸಾಕು: ಇವತ್ತು ನೀರು ಬಿಟ್ಟಿದ್ದರಾ? ಎಷ್ಟು ಹೊತ್ತಿಗೆ? ನಾಳೆ ಬಿಡದಿದ್ದರೆ ದುಡ್ಡು ವಾಪಸ್ ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಅವರ ವ್ಯವಹಾರ ಗೊತ್ತಾಗುತ್ತದೆ.

ಎರಡು ದಿನ ಇಟ್ಟುಕೊಂಡು ಬಂದರೆ ನೆಮ್ಮದಿ. ಮೊದಲ ದಿನ ನೀರು ಸಿಗದಿದ್ದರೆ ಎರಡನೆಯ ದಿನ ಇದೆ. ಸಾಧ್ಯವಾದರೆ ವಾರಾಂತ್ಯ ತಪ್ಪಿಸಿ. ಇನ್ನೊಂದು ವಿಷಯ, ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಉಳವಿ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಇದೇ ದಾರಿಯಲ್ಲಿ ಬರುತ್ತಾರೆ. ನೋಡಲು ಚೆಂದ. ಅವಸರದಲ್ಲಿರುವವರು ಮಾತ್ರ ಆ ದಿನಗಳಲ್ಲಿ ಬರಬೇಡಿ, ಎತ್ತುಗಳ ಹಿಂದೆ ಹಾರ್ನ್ ಹೊಡೆಯುವುದು ಮರ್ಯಾದೆಯಲ್ಲ.

4. ಏನು ಬುಕ್ ಮಾಡುತ್ತಿದ್ದೀರಿ ಎಂದು ಬರೆಸಿಕೊಳ್ಳಿ

ಇಲ್ಲೇ ಜನ ಮೋಸ ಹೋಗುವುದು. "ರಾಫ್ಟಿಂಗ್" ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸರಕು ಮಾರುತ್ತಾರೆ.

ಉದ್ದದ ರಾಫ್ಟಿಂಗ್ ಸುಮಾರು 9ರಿಂದ 12 ಕಿಲೋಮೀಟರ್, ಎರಡು-ಮೂರು ಗಂಟೆಯ ಕೆಲಸ. ಮಧ್ಯೆ ಹಲವು ರ್‍ಯಾಪಿಡ್‌ಗಳು ಬರುತ್ತವೆ. ರ್‍ಯಾಪಿಡ್ ಎಂದರೆ ಬಂಡೆಗಳ ನಡುವೆ ನದಿ ಕಿರಿದಾಗಿ, ಇಳಿಜಾರಿನಲ್ಲಿ ನೊರೆಯೆದ್ದು ನುಗ್ಗುವ ಜಾಗ. ಇವನ್ನು 1ರಿಂದ 6ರವರೆಗೆ ದರ್ಜೆ ಹಾಕಿ ಅಳೆಯುತ್ತಾರೆ. 1 ಎಂದರೆ ಸಣ್ಣ ಅಲೆ, 6 ಎಂದರೆ ಪರಿಣತರೂ ಹಿಂದೇಟು ಹಾಕುವಂಥದ್ದು. ಕಾಳಿಯಲ್ಲಿ ಸಿಗುವುದು ಬಹುಪಾಲು 2 ಮತ್ತು 3. ಮೊದಲ ಸಲದವರಿಗೆ ಹದವಾದ ನದಿ.

ಶಾರ್ಟ್ ರಾಫ್ಟಿಂಗ್ ಎಂದರೆ ಒಂದೆರಡು ಕಿಲೋಮೀಟರ್ ಸುತ್ತು. ಒಂದೋ ಎರಡೋ ಸಣ್ಣ ಇಳಿಜಾರು. ಕಯಾಕ್ (ಒಬ್ಬಿಬ್ಬರು ಕೂರುವ ಸಣ್ಣ ದೋಣಿ), ಜಿಪ್‌ಲೈನ್, ನೀರಿನ ಚೆಂಡು ಇತ್ಯಾದಿಗಳ ಜೊತೆ ಸೇರಿಸಿ ಪ್ಯಾಕೇಜ್ ಮಾಡಿರುತ್ತಾರೆ. ಮಕ್ಕಳಿರುವ ಕುಟುಂಬಕ್ಕೆ ಇದೇ ಸರಿ. ಆದರೆ ಉದ್ದದ್ದು ಸಿಗುತ್ತದೆ ಎಂದು ಬಂದವರಿಗೆ ಇದನ್ನು ತೋರಿಸಿದರೆ ಜಗಳ ಗ್ಯಾರಂಟಿ. ಎಷ್ಟು ಕಿಲೋಮೀಟರ್, ಎಷ್ಟು ಹೊತ್ತು, ಎಲ್ಲಿ ಹತ್ತಿಸಿ ಎಲ್ಲಿ ಇಳಿಸುತ್ತೀರಿ, ಇಷ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಉದ್ದದ ರಾಫ್ಟಿಂಗ್‌ಗೆ 14 ವರ್ಷದೊಳಗಿನ ಮಕ್ಕಳನ್ನು ಕರೆದೊಯ್ಯಬೇಡಿ. ಗರ್ಭಿಣಿಯರು, ಹೃದಯದ ತೊಂದರೆ, ಮೂರ್ಛೆ ರೋಗ, ಇತ್ತೀಚೆಗೆ ಆಪರೇಷನ್ ಆದವರು ಯಾವ ರಾಫ್ಟನ್ನೂ ಹತ್ತಬಾರದು. ಈಜು ಬರದಿದ್ದರೂ ನಡೆಯುತ್ತದೆ, ಆದರೆ ಆ ವಿಷಯವನ್ನು ಗೈಡ್‌ಗೆ ಮುಂಚೆಯೇ ಹೇಳಿ.

ಹರಿಗೋಲಿನ ಸವಾರಿ ನಿಂತ ನೀರಿನಲ್ಲಿ ಮಾಡಿಸುತ್ತಾರೆ. ವಯಸ್ಸಾದವರಿಗೂ ಒಗ್ಗುತ್ತದೆ. ಲೈಫ್ ಜಾಕೆಟ್ ಅಲ್ಲೂ ಬೇಕು. ಹರಿಗೋಲಿನಲ್ಲಿ ಎಲ್ಲರೂ ಒಂದೇ ಕಡೆ ವಾಲಿ ಸೆಲ್ಫಿ ತೆಗೆಯುವುದು ಮಾತ್ರ ಬೇಡ.

5. ತರಬೇಕಾದದ್ದು

ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಳೆಯ ಶೂ, ಬೇಗ ಒಣಗುವ ಬಟ್ಟೆ, ಒಂದು ಜೊತೆ ಬದಲಿ, ಕನ್ನಡಕಕ್ಕೆ ದಾರ. ಜೀನ್ಸ್ ಮತ್ತು ಸೀರೆ ಬೇಡ. ಉಂಗುರ, ಸರ ರೂಮಿನಲ್ಲಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮೊಬೈಲ್ ನೀರು ಕಾಣದೆ ಇರುವುದಿಲ್ಲ, ಅದೂ ರೂಮಿನಲ್ಲೇ ಇರಲಿ. ಕುಡಿದು ಬಂದವರನ್ನು ಒಳ್ಳೆಯ ಗೈಡ್ ಹತ್ತಿಸಿಕೊಳ್ಳುವುದಿಲ್ಲ. ಹತ್ತಿಸಿಕೊಂಡರೆ ಆ ರಾಫ್ಟಿನಿಂದ ನೀವೇ ಇಳಿಯಿರಿ.

6. ರಾಫ್ಟ್ ಹತ್ತುವ ಮುಂಚೆ, ಹತ್ತಿದ ಮೇಲೆ

ಲೈಫ್ ಜಾಕೆಟ್ ಪರೀಕ್ಷೆಯನ್ನು ನೀವೇ ಮಾಡಿ. ಎಲ್ಲ ಬಕಲ್ ಹಾಕಿ, ಪಟ್ಟಿಗಳನ್ನು ಉಸಿರಾಡಲು ಆಗುವಷ್ಟು ಬಿಗಿ ಎಳೆಯಿರಿ. ಆಮೇಲೆ ಪಕ್ಕದವರಿಗೆ ಹೇಳಿ ಭುಜದ ಪಟ್ಟಿಗಳನ್ನು ಎರಡೂ ಕೈಯಲ್ಲಿ ಮೇಲಕ್ಕೆ ಜಗ್ಗಿಸಿ. ಜಾಕೆಟ್ ಕಿವಿ ಮುಟ್ಟುವಷ್ಟು ಮೇಲೆ ಬಂದರೆ ಅದು ನಿಮ್ಮ ಅಳತೆಯದಲ್ಲ, ನೀರಿಗೆ ಬಿದ್ದಾಗ ತಲೆ ದಾಟಿ ಹೋಗುತ್ತದೆ. ಬೇರೆ ಕೇಳಿ, ನಾಚಿಕೆ ಬೇಡ. ಬಕಲ್ ಮುರಿದು ದಾರ ಕಟ್ಟಿರುವ ಜಾಕೆಟ್ ಕೊಟ್ಟರೆ ವಾಪಸ್ ಕೊಡಿ. ಹೆಲ್ಮೆಟ್ ತಲೆ ಅಲ್ಲಾಡಿಸಿದರೂ ಜಾರಬಾರದು.

ತಲೆ ಎಣಿಸಿ. ಒಂದು ರಾಫ್ಟಿಗೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಆರು ಜನರ ರಾಫ್ಟಿನಲ್ಲಿ ಹತ್ತು ಜನ ತುಂಬಿದರೆ ಅದು ಗೈಡ್ ಹೇಳಿದ ಕಡೆ ತಿರುಗುವುದಿಲ್ಲ, ಬಂಡೆಗೆ ಅಡ್ಡ ಬಿದ್ದು ಮಗುಚುತ್ತದೆ. ಜೊತೆಯಲ್ಲಿ ರಕ್ಷಣೆಗೆ ಕಯಾಕ್ ಅಥವಾ ಇನ್ನೊಂದು ರಾಫ್ಟ್ ಬರುತ್ತದಾ, ಎಸೆಯುವ ಹಗ್ಗದ ಚೀಲ ಗೈಡ್ ಹತ್ತಿರ ಇದೆಯಾ ಎಂದೂ ಕಣ್ಣಲ್ಲೇ ನೋಡಿಕೊಳ್ಳಿ.

ಕೂರುವುದು ರಾಫ್ಟಿನ ಒಳಗಲ್ಲ, ಅಂಚಿನ ದಪ್ಪ ಕೊಳವೆಯ ಮೇಲೆ. ಪಾದವನ್ನು ಅಡ್ಡ ಕೊಳವೆಯ ಅಡಿಗೆ ಸಿಕ್ಕಿಸಿ. ಹುಟ್ಟಿನ ತುದಿಯಲ್ಲಿ ಟಿ ಆಕಾರದ ಹಿಡಿ ಇರುತ್ತದೆ. ಒಂದು ಕೈ ಯಾವಾಗಲೂ ಅದರ ಮೇಲೇ ಇರಲಿ. ರಾಫ್ಟಿಂಗ್‌ನಲ್ಲಿ ಆಗುವ ಗಾಯಗಳಿಗೆ ಬಂಡೆಯೊಂದೇ ಕಾರಣವಲ್ಲ. ಪಕ್ಕದವರ ಕೈ ಬಿಟ್ಟ ಹುಟ್ಟಿನ ಹಿಡಿ ಬಡಿದು ತುಟಿ ಒಡೆಯುತ್ತದೆ, ಹಲ್ಲು ಮುರಿಯುತ್ತದೆ.

ಗೈಡ್ ಕೂಗುವ ಮಾತು ನಾಲ್ಕೈದೇ: ಫಾರ್ವರ್ಡ್ ಎಂದರೆ ಮುಂದಕ್ಕೆ ಹುಟ್ಟು ಹಾಕಿ, ಬ್ಯಾಕ್ ಎಂದರೆ ಹಿಂದಕ್ಕೆ, ಸ್ಟಾಪ್ ಎಂದರೆ ಹುಟ್ಟು ಎತ್ತಿ, ಗೆಟ್ ಡೌನ್ ಎಂದರೆ ಒಳಗೆ ಕುಕ್ಕರಗಾಲಲ್ಲಿ ಕೂತು ಹಗ್ಗ ಹಿಡಿಯಿರಿ. ರ್‍ಯಾಪಿಡ್ ನಡುವೆ ಹೆದರಿ ಹುಟ್ಟು ನಿಲ್ಲಿಸುವುದೇ ಹೊಸಬರ ದೊಡ್ಡ ತಪ್ಪು. ರಾಫ್ಟಿಗೆ ವೇಗ ಇದ್ದಾಗಲೇ ಅದು ಅಲೆ ಸೀಳುತ್ತದೆ. ಹೆದರಿಕೆಯಾದಷ್ಟೂ ಜೋರಾಗಿ ಹುಟ್ಟು ಹಾಕಿ.

ನೀರಿಗೆ ಬಿದ್ದರೆ? ಬೀಳುವುದು ಮಾಮೂಲಿ. ಅಂಗಾತ ತೇಲಿ, ಕಾಲು ಹರಿವಿನ ಕಡೆ ಮುಂದಿರಲಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತಿರಲಿ. ಬಂಡೆ ಎದುರಾದರೆ ಪಾದದಲ್ಲೇ ಒದ್ದು ಸರಿಯಬಹುದು. ಇನ್ನು ಈ ಒಂದನ್ನು ಮರೆಯಲೇಬೇಡಿ: ಹರಿಯುವ ನೀರಿನಲ್ಲಿ ಎದ್ದು ನಿಲ್ಲಬೇಡಿ. ಮೊಣಕಾಲು ಆಳ ಇದ್ದರೂ ಬೇಡ. ಪಾದ ಎರಡು ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ಹಿಂದಿನಿಂದ ಬರುವ ನೀರು ನಿಮ್ಮನ್ನು ಮುಂದಕ್ಕೆ ಮಗುಚಿ ಮುಖವನ್ನು ಒಳಗೇ ಒತ್ತಿ ಹಿಡಿಯುತ್ತದೆ. ಜಾಕೆಟ್ ಇದ್ದರೂ ಆಗ ಉಪಯೋಗವಿಲ್ಲ. ನೀರಿನ ಓಟ ನಿಂತ ಜಾಗಕ್ಕೆ ಬಂದ ಮೇಲೆ ಮಾತ್ರ ಕಾಲೂರಿ.

ಹಗ್ಗ ಎಸೆದರೆ ಚೀಲಕ್ಕೆ ಕೈ ಹಾಕಬೇಡಿ, ಹಗ್ಗವನ್ನೇ ಹಿಡಿಯಿರಿ. ಕೈಗೆ ಸುತ್ತಿಕೊಳ್ಳಬೇಡಿ. ಎದೆಗೆ ಅವುಚಿ ಅಂಗಾತ ಮಲಗಿದರೆ ಅವರೇ ದಡಕ್ಕೆ ಎಳೆಯುತ್ತಾರೆ. ರಾಫ್ಟ್ ಮಗುಚಿ ಅದರ ಅಡಿ ಸಿಕ್ಕಿಬಿದ್ದರೆ ಗಾಬರಿ ಬೇಡ. ಎರಡೂ ಕೈಯನ್ನು ರಾಫ್ಟಿನ ತಳಕ್ಕೆ ಒತ್ತಿ, ಒಂದೇ ದಿಕ್ಕಿನಲ್ಲಿ ಕೈ ಸರಿಸುತ್ತಾ ಹೋದರೆ ಅಂಚು ಸಿಕ್ಕೇ ಸಿಗುತ್ತದೆ.

7. ಶಾಂತವಾಗಿ ಕಾಣುವ ನೀರಿಗೆ ಜಾಸ್ತಿ ಹೆದರಿ

ರಾಫ್ಟಿನಲ್ಲಿ ಗೈಡ್ ಇರುತ್ತಾನೆ, ಜಾಕೆಟ್ ಇರುತ್ತದೆ. ಜಾಸ್ತಿ ಅಪಾಯ ಇರುವುದು ಆಮೇಲೆ, ಊಟ ಮುಗಿಸಿ "ಸುಮ್ನೆ ಕಾಲು ಇಳಿಬಿಟ್ಟು ಕೂರೋಣ" ಎಂದು ದಡಕ್ಕೆ ಹೋದಾಗ.

ಒಂದು, ನೀರು ಏರುತ್ತದೆ. ಆಕಾಶದಲ್ಲಿ ಒಂದು ಮೋಡ ಇಲ್ಲದಿದ್ದರೂ ಏರುತ್ತದೆ. ದಡದ ಬಂಡೆ ನೋಡಿ: ಕೆಳಗೆ ಕಪ್ಪಗೆ, ಪಾಚಿ ಹಿಡಿದು ನುಣುಪಾಗಿರುತ್ತದೆ. ಒಂದು ಗೆರೆಯ ಮೇಲೆ ಬಣ್ಣ ಬಿಳಿಚಿ ಒರಟಾಗಿರುತ್ತದೆ. ನೀರು ಬಿಟ್ಟಾಗ ನದಿ ದಿನವೂ ಬಂದು ಮುಟ್ಟುವ ಗುರುತು ಆ ಗೆರೆ. ನೀವು ಕೂರುವ ಜಾಗ ಅದರ ಕೆಳಗಿದ್ದರೆ ಅದು ನದಿಯ ಜಾಗ. ಕೂತ ಮೇಲೂ ನೀರಂಚಿಗೆ ಒಂದು ಕಡ್ಡಿ ನೆಟ್ಟು ಆಗಾಗ ನೋಡುತ್ತಿರಿ. ಕಡ್ಡಿಯ ಬುಡ ಮುಳುಗಿದರೆ ಫೋಟೊ ಮುಗಿಸೋಣ ಎನ್ನದೆ ಎದ್ದು ಹೊರಡಿ. ನಡುಗಡ್ಡೆಯ ಬಂಡೆಗೆ ದಾಟಿ ಹೋಗುವುದಂತೂ ಬೇಡವೇ ಬೇಡ. ಹೋಗುವಾಗ ಪಾದ ಮುಳುಗುವಷ್ಟಿದ್ದ ನೀರು ಬರುವಾಗ ಸೊಂಟ ದಾಟಿರುತ್ತದೆ.

ಎರಡು, ಮೊಸಳೆ. ದಾಂಡೇಲಿ ಪಟ್ಟಣದ ಸುತ್ತಮುತ್ತ, ದಾಂಡೇಲಪ್ಪ ಗುಡಿಯ ಕಡೆ ನಿಂತ ನೀರಿನಲ್ಲಿ ಮೊಸಳೆಗಳಿವೆ. ಜನರ ಮೇಲೆ ದಾಳಿಯಾಗಿ ಜೀವ ಹೋದದ್ದೂ ಉಂಟು. ಮಡುವಿನಲ್ಲಿ ಈಜಬೇಡಿ, ಪಾತ್ರೆ ತೊಳೆಯಬೇಡಿ, ಮಾಂಸದ ಚೂರು ಎಸೆಯಬೇಡಿ. ಮೊಸಳೆ ನೋಡಲೇಬೇಕೆಂದರೆ ದಡದ ಎತ್ತರದಿಂದ ನೋಡಿ.

ಸಿಂಥೇರಿ ರಾಕ್ಸ್‌ಗೂ ಇದೇ ಮಾತು. ಅದು ಕಾಳಿಯ ಉಪನದಿ ಕಾನೇರಿಯ ಪಕ್ಕ ಎದ್ದ ಭಾರೀ ಬಂಡೆಗೋಡೆ. ಸಿಂಥೇರಾ ಎಂಬ ಬ್ರಿಟಿಷ್ ಮಹಿಳೆಯಿಂದ ಆ ಹೆಸರು ಬಂತು ಎನ್ನುತ್ತಾರೆ. ಮೆಟ್ಟಿಲಿಳಿದು ನೋಡಿ ಬನ್ನಿ, ನೀರಿಗಿಳಿಯಬೇಡಿ. ಬಂಡೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಅಲ್ಲಿ ಕೂಗಾಟ, ಸಿಗರೇಟು ಎರಡೂ ಬೇಡ.

8. ಕಾರವಾರದವರೆಗೆ ಹೋಗುವುದಾದರೆ

ದಾಂಡೇಲಿಯಿಂದಲೇ ವಾಪಸ್ ಹೋಗುವವರು ಅರ್ಧ ನದಿಯನ್ನಷ್ಟೇ ನೋಡಿರುತ್ತಾರೆ. ಜೋಯಿಡಾ, ಕುಂಬಾರವಾಡ, ಅಣಶಿ ಘಟ್ಟ, ಕದ್ರಾ ಮಾರ್ಗವಾಗಿ ಕಾರವಾರಕ್ಕೆ ನೂರು ಕಿಲೋಮೀಟರ್ ಮೇಲಾಗುತ್ತದೆ. ಕಾಡಿನ ದಾರಿ, ಪೆಟ್ರೋಲ್ ಮೊದಲೇ ಹಾಕಿಸಿಕೊಳ್ಳಿ, ಹಗಲಲ್ಲೇ ಘಟ್ಟ ಇಳಿಯಿರಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಕದ್ರಾದ ಗೇಟ್ ತೆರೆದಾಗ ಕೆಳಗಿನ ಹಳ್ಳಿಗಳಿಗೆ ನೀರು ನುಗ್ಗಿದ ವರ್ಷಗಳೂ ಇವೆ, 2019ರ ಆಗಸ್ಟ್ ಅಂಥದ್ದು.

ಕಾರವಾರದಲ್ಲಿ ಕಾಳಿ ಪೂರ್ತಿ ಬೇರೆ ನದಿ. ಅಗಲ, ಉಪ್ಪು, ನಿಧಾನ. ಒಂದು ದಡದಲ್ಲಿ ಕಾರವಾರ, ಇನ್ನೊಂದರಲ್ಲಿ ಸದಾಶಿವಗಡ, ನಡುವೆ ಕಾಳಿಮಾತಾ ದ್ವೀಪ, ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಇಲ್ಲಿ ಅಣೆಕಟ್ಟಿಗಿಂತ ಸಮುದ್ರದ ಮಾತು ಜಾಸ್ತಿ ನಡೆಯುತ್ತದೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ದೋಣಿ ವಿಹಾರಕ್ಕೆ ಉಬ್ಬರದ ಹೊತ್ತು ಒಳ್ಳೆಯದು, ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳಿಗೂ ನೀರು ಬಂದಿರುತ್ತದೆ. ಇಳಿತದಲ್ಲಿ ದೋಣಿ ಕೆಸರಿಗೆ ಕೂತುಬಿಡುತ್ತದೆ. ಕಯಾಕ್‌ನಲ್ಲಿ ಒಬ್ಬರೇ ಹೋದರೆ ಇಳಿತದ ಸೆಳೆತ ಸೀದಾ ಸಮುದ್ರದ ಕಡೆ ಒಯ್ಯುತ್ತದೆ, ಅದಕ್ಕೇ ಅಳಿವೆ ಬಾಯಿಯ ಹತ್ತಿರ ಊರಿನ ದೋಣಿಯವರಿಲ್ಲದೆ ಹೋಗಬೇಡಿ. ಅವತ್ತಿನ ಉಬ್ಬರದ ಹೊತ್ತು ಮೀನುಗಾರರಿಗೆ ಬಾಯಿಪಾಠ, ಕೇಳಿದರೆ ಹೇಳುತ್ತಾರೆ.

ಅಲ್ಲಿನ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕುಸಿಯಿತು. ಲಾರಿ ಸಮೇತ ನದಿಗೆ ಬಿದ್ದ ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಎತ್ತಿ ಕಾಪಾಡಿದರು. ಸೇತುವೆಯ ಅಡಿ ದೋಣಿ ಎಲ್ಲಿಂದ ಹೋಗಬೇಕು ಎಂಬುದನ್ನು ದೋಣಿಯವರ ತೀರ್ಮಾನಕ್ಕೇ ಬಿಡಿ, "ಇನ್ನೂ ಹತ್ತಿರ ಹೋಗಿ" ಎಂದು ಒತ್ತಾಯಿಸಬೇಡಿ.

ಇಳಿತದ ಹೊತ್ತಿಗೆ ದಡದಲ್ಲಿದ್ದರೆ ಕೆಸರಿನಲ್ಲಿ ಬಾಗಿ ಚಿಪ್ಪಿಕಲ್ಲು ಆರಿಸುವವರು ಕಾಣುತ್ತಾರೆ. ಅದು ಅವರ ದಿನದ ದುಡಿಮೆ. ಕೆಸರಿಗಿಳಿದು ತುಳಿದಾಡಬೇಡಿ, ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ. ಬರಿಗಾಲಲ್ಲಂತೂ ಇಳಿಯಲೇಬೇಡಿ. ಬಂಡೆಗೆ ಅಂಟಿದ ಕಲ್ವದ (ಆಯ್ಸ್ಟರ್) ಚಿಪ್ಪು ಬ್ಲೇಡಿನಷ್ಟು ಹರಿತ, ಆ ಗಾಯಕ್ಕೆ ಉಪ್ಪುನೀರು ತಾಗಿದರೆ ಮಾಯಲು ದಿನಗಳೇ ಬೇಕು.